ಜರೀನಾಬಿಯ ಟಾಕಿಯಲ್ಲಿ ಮೋಡ ಇಳಿಯುವ ಹೊತ್ತು

ಅಣ್ಣಿಗೇರಿಯಿಂದ ಶಲವಡಿಯ ಕಡೆ ಹೋಗುವ ದಾರಿಯಲ್ಲಿ ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಒಬ್ಬ ಹೆಂಗಸು ಮೋಡಗಳನ್ನು ನೀರಿಗಿಳಿಸುತ್ತಾಳೆ. ಸುಳ್ಳಲ್ಲ, ಇದೇ ಕಣ್ಣುಗಳಿಂದ ನೋಡಿದ್ದೇನೆ. ಈ ಕಣ್ಣುಗಳೋ, ಎರೆಹೊಲದ ಆಚೆ ತುದಿಯಲ್ಲಿ ಕೂತ ಗುಬ್ಬಿಯ ಹುಬ್ಬಿನ ಕೂದಲನ್ನೂ ಬಿಡಿಬಿಡಿಯಾಗಿ ಕಾಣಬಲ್ಲವು.

ಹೆಸರು ಜರೀನಾಬಿ, ವಯಸ್ಸು ಐವತ್ತರ ಆಸುಪಾಸು. ತಲೆಯ ಮೇಲೆ ಸೆರಗು, ಮೊಣಕೈವರೆಗೆ ರಬ್ಬರ್ ಗವಸು, ಕಾಲಿಗೆ ಗಮ್‌ಬೂಟು. ನಿಂತಿರುವುದು ನೀರು ತುಂಬಿದ ಸಿಮೆಂಟಿನ ತೊಟ್ಟಿಯ, ಇಲ್ಲಿಯವರ ಟಾಕಿಯ, ಕಟ್ಟೆಯ ಮೇಲೆ. ನನ್ನ ಅಂದಾಜಿನಲ್ಲಿ ಆ ಟಾಕಿ ಅರಬ್ಬಿ ಸಮುದ್ರಕ್ಕಿಂತ ಒಂದು ಗೇಣು ಚಿಕ್ಕದಿರಬಹುದು. ಆಕೆ ಬಕೆಟ್ಟಿನಿಂದ ಸುಣ್ಣದ ನೀರನ್ನು ದಾರದಂತೆ ಇಳಿಬಿಡುತ್ತಾಳೆ, ಉದ್ದನೆಯ ಕಟ್ಟಿಗೆಯ ಹುಟ್ಟಿನಿಂದ ತೊಟ್ಟಿಲು ತೂಗುವಷ್ಟು ಮೆಲ್ಲಗೆ ತಿರುವುತ್ತಾಳೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೀರಿನ ನಡುವೆ ಎಲ್ಲಿಂದಲೋ ಒಂದು ಮಬ್ಬು ಹುಟ್ಟುತ್ತದೆ. ಮಬ್ಬು ಅರಳೆಯಾಗುತ್ತದೆ, ಅರಳೆ ಮೋಡವಾಗುತ್ತದೆ. ಮೋಡ ಸದ್ದಿಲ್ಲದೆ, ನಿದ್ದೆಗೆ ಜಾರುವವರ ಕಣ್ಣೆವೆಯಂತೆ ಕೆಳಗಿಳಿಯುತ್ತದೆ. ಕಟ್ಟೆಯ ಮೇಲೆ ನಿಂತವರಿಗೆ ಮೋಡ ಇಳಿಯುತ್ತಿಲ್ಲ, ತಾವೇ ಮೇಲೇರುತ್ತಿದ್ದೇವೆ ಅನ್ನಿಸುತ್ತದೆ. ನಾನಂತೂ ನೆಲ ಬಿಟ್ಟು ಎರಡು ಮೊಳ ಮೇಲೆದ್ದಿದ್ದೆ.

“ಹಿಂದಕ್ಕ ಸರೀರಿ ಸಾಹೇಬ್ರ, ಒಳಗ ಬಿದ್ದೀರಿ!” ಜರೀನಾಬಿ ನನ್ನ ಅಂಗಿಯ ಚುಂಗು ಹಿಡಿದೆಳೆಯುತ್ತಾಳೆ. “ಮೋಡಾ ಅಂತ ಬರೀಬ್ಯಾಡ್ರಿ ಮತ್ತ. ಅದು ಕಬ್ಬಿಣ, ಸೀಸ, ಜಿಂಕ್.”

ಇದು ಹಳೆಯ ಎಂಜಿನ್ ಆಯಿಲನ್ನು ಕಾಯಿಸಿ, ಸೋಸಿ, ಮತ್ತೆ ಬಳಕೆಗೆ ತರುವ ಸಣ್ಣ ಕಾರ್ಖಾನೆ. ಹುಬ್ಬಳ್ಳಿಯಿಂದ ಗದಗದವರೆಗಿನ ಗ್ಯಾರೇಜುಗಳಿಂದ ಕಾಡಿಗೆಗಿಂತ ಕಪ್ಪಾದ ಆಯಿಲು ಡ್ರಮ್ಮುಗಳಲ್ಲಿ ಬರುತ್ತದೆ. ಭೂಮಿಯ ಮೇಲಿನ ಅರ್ಧ ಲಾರಿಗಳ ಪಾಪ ಇಲ್ಲಿಗೇ ಬಂದು ಇಳಿಯುತ್ತದೆ ಎಂದರೂ ನಡೆಯುತ್ತದೆ. ಆಯಿಲಿನಿಂದ ಬೇರ್ಪಟ್ಟ ನೀರು, ಡ್ರಮ್ಮು ತೊಳೆದ ನೀರು, ಎಲ್ಲವೂ ಜರೀನಾಬಿಯ ಪಾಲು. ಮೊದಲ ಟಾಕಿಯಲ್ಲಿ ಮೇಲೆ ತೇಲಿದ ಜಿಡ್ಡನ್ನು ಪಟ್ಟಿಯಿಂದ ಬಳಿದು ತೆಗೆಯುತ್ತಾಳೆ. ಆ ಜಿಡ್ಡಿನ ಮೇಲೆ ಬೆಳಗಿನ ಬಿಸಿಲು ಬಿದ್ದರೆ ಸಾವಿರ ನವಿಲುಗಳು ಒಟ್ಟಿಗೆ ಗರಿ ಬಿಚ್ಚಿದಂತೆ ಇರುತ್ತದೆ. ಎರಡನೆಯ ಟಾಕಿಯಲ್ಲಿ ನೀರಿನೊಳಗೆ ಕರಗಿ ಕಣ್ಣಿಗೆ ಕಾಣದಂತೆ ಅಡಗಿದ ಲೋಹಗಳಿಗೆ ಸುಣ್ಣ ಕೊಟ್ಟು, ಅವು ಗಸಿಯಾಗಿ ತಳಕ್ಕೆ ಕೂರುವಂತೆ ಮಾಡುತ್ತಾಳೆ. ಗಸಿಯನ್ನು ಡ್ರಮ್ಮಿಗೆ ತುಂಬಿ ಸೀಲು ಹಾಕಿ, ವಿಷದ ಕಸವನ್ನು ಹೂಳಲೆಂದೇ ಇರುವ ಜಾಗಕ್ಕೆ ಕಳಿಸುತ್ತಾರೆ. ಮೇಲಿನ ತಿಳಿನೀರನ್ನು ಲ್ಯಾಬಿನಲ್ಲಿ ಪರೀಕ್ಷಿಸುತ್ತಾರೆ. ಪಾಸಾದರೆ ಮಾತ್ರ ವಾಲ್ವು ತೆರೆದು, ಮರಳು ಮತ್ತು ಇದ್ದಿಲಿನ ಮೂಲಕ ಇಳಿಸಿ ಪಕ್ಕದ ಹಳ್ಳಕ್ಕೆ ಬಿಡುತ್ತಾರೆ.

ಹದ ತಿಳಿಯಲು ಆಕೆಯ ಬಳಿ ಕಾಗದದ ಚೂರುಗಳಿವೆ. ನೀರಿನಲ್ಲಿ ಅದ್ದಿದರೆ ಬಣ್ಣ ಬದಲಿಸುತ್ತವೆ. “ಹಸರ ಇದ್ರ ಸುಣ್ಣ ಸಾಲದು. ನವಿಲಿನ ಕುತ್ತಿಗಿ ಬಣ್ಣ ಬಂದ್ರ ಬರೋಬ್ಬರಿ. ಬದನಿಕಾಯಿ ಬಣ್ಣ ಬಂತಂದ್ರ ಕೆಲಸ ಕೆಟ್ಟಂಗ.” ಬದನೆಕಾಯಿ ಎನ್ನುವಾಗ ಆಕೆ ಮುಖ ಆಚೆ ತಿರುಗಿಸುತ್ತಾಳೆ. ಅದಕ್ಕೊಂದು ಕಾರಣವಿದೆ.

ಜರೀನಾಬಿ ಸುಣ್ಣ ಸುಡುವವರ ಮನೆಯ ಮಗಳು. ತಂದೆ ಸಿರಾಜುದ್ದೀನ ಎರೆಹೊಲಗಳಿಂದ ಸುಣ್ಣದ ಕಲ್ಲು ಆರಿಸಿ ತಂದು ಅಣ್ಣಿಗೇರಿಯ ಹೊರಗೆ ಭಟ್ಟಿ ಹಾಕುತ್ತಿದ್ದ. ಅವನ ಸುಣ್ಣ ಬಳಿದ ಗೋಡೆಗಳು ಎಷ್ಟು ಬೆಳ್ಳಗಿರುತ್ತಿದ್ದವೆಂದರೆ, ಅಮಾವಾಸ್ಯೆಯಲ್ಲೂ ಜನ ದೀಪ ಹಚ್ಚುವುದನ್ನು ಮರೆಯುತ್ತಿದ್ದರಂತೆ. (ಈ ಮಾತು ನನ್ನದು. ಜರೀನಾಬಿ ಹೇಳಿದ್ದು “ಛಲೋ ಇರತಿತ್ರಿ” ಎಂದಷ್ಟೇ.) ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸುಣ್ಣ ಅಳೆದು ಕೊಟ್ಟ ಮೇಲೆ ಒಂದು ಬೊಗಸೆ ಕೊಸರು ಹಾಕಲೇಬೇಕು. ಕೊಸರಿಲ್ಲದೆ ಗಿರಾಕಿಯನ್ನು ಕಳಿಸಿದರೆ ಭಟ್ಟಿಗೆ ಅವಮಾನ. “ಅಬ್ಬಾ ಹೇಳತಿದ್ರು, ಅಳತಿ ವ್ಯಾಪಾರದ್ದು, ಕೊಸರು ನಮ್ಮದು ಅಂತ.” ಡಬ್ಬಿಯ ಬಣ್ಣಗಳು ಬಂದವು, ಭಟ್ಟಿ ಆರಿತು. ಕೊಸರು ಹಾಕುವ ಕೈ ಮಾತ್ರ ಹಾಗೇ ಉಳಿಯಿತು.

ಕಳೆದ ಆಷಾಢದ ಒಂದು ದಿನ. ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವ, ನವಲಗುಂದದ ನಾಗರತ್ನಾ ಬೆಳಿಗ್ಗೆ ಟಾಕಿಯ ನೀರನ್ನು ಪರೀಕ್ಷಿಸಿ ಓಡಿ ಬಂದಳು. ನೀರು ಕನ್ನಡಿಯಂತಿತ್ತು. ಆದರೆ ಅದರಲ್ಲಿ ಸತು, ಅಂದರೆ ಇಲ್ಲಿಯವರ ಬಾಯಲ್ಲಿ ಜಿಂಕ್, ಮಿತಿ ಮೀರಿತ್ತು. ಇತ್ತ ಟಾಕಿ ಕಂಠಮಟ್ಟ ತುಂಬಿತ್ತು. ಅತ್ತ ನರಗುಂದದ ದಿಕ್ಕಿನಿಂದ ಮಳೆ ಏಳುತ್ತಿತ್ತು, ಆನೆಗಳ ಸಂತೆಯೇ ಎದ್ದು ಬಂದಂತೆ. ಮಳೆ ಸುರಿದರೆ ಟಾಕಿ ತುಳುಕಿ ನೀರು ತಾನೇ ಹಳ್ಳ ಸೇರುವುದು ಖಂಡಿತ. ಆ ಹಳ್ಳದಲ್ಲೇ ಬೀರಲಿಂಗಪ್ಪನ ಕುರಿ ನೀರು ಕುಡಿಯುವುದು. ಕುರಿ ಒಂದು ಲಕ್ಷವಾದರೂ ಇದ್ದಾವು. ಬೀರಲಿಂಗಪ್ಪ ಎಪ್ಪತ್ತು ಅನ್ನುತ್ತಾನೆ, ಅವನಿಗೆ ಲೆಕ್ಕ ಬರುವುದಿಲ್ಲ.

ಅವನು ಒಡ್ಡಿನ ಮೇಲೆ ನಿಂತು ಕೂಗಿದ. “ಜರೀನಕ್ಕಾ, ಟಾಕಿ ತುಳುಕಾಕ ಬಂದೈತಲ್ಲ! ನಾಳಿಂದ ನಮ್ಮ ಕುರಿ ಬ್ಯಾ ಅನ್ನೂದ ಬಿಟ್ಟು ಹಾರ್ನ್ ಹೊಡಿತಾವೇನು?”

“ನೀ ಸುಮ್ನ ಆ ಕಡಿ ಹೊಡಕೊಂಡು ಹೋಗೋ ಬೀರಣ್ಣ. ಇವತ್ತ ಹಳ್ಳಕ್ಕ ಇಳಿಸಬ್ಯಾಡ.”

ಅವನ ನಗು ಅಲ್ಲೇ ನಿಂತಿತು. ಜರೀನಾಬಿ ಹಾಗೆ ಹೇಳಿದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಸೂಪರ್ವೈಜರ್ ಪುಂಡಲೀಕ ಗಾಜಿನ ಲೋಟದಲ್ಲಿ ನೀರು ಮೊಗೆದು ಬೆಳಕಿಗೆ ಹಿಡಿದ. “ಚಾಚಿ, ತೀರ್ಥ ಇದ್ದಂಗ ಐತಿ ನೋಡ್ರಿ. ಮಳಿ ಬಂದ್ರ ಹೆಂಗೂ ಹೋಗೂದ. ಈಗ ವಾಲ್ವ್ ತಗೀರಿ.”

ಜರೀನಾಬಿ ಹೋಗಿ ವಾಲ್ವಿನ ಚಕ್ರದ ಮೇಲೇ ಕುಳಿತುಬಿಟ್ಟಳು. “ತೀರ್ಥ ಅಂತಿಯಲ್ಲಪಾ, ಒಂದ ಗುಟುಕು ಕುಡಿ. ಆಮ್ಯಾಲ ಏಳತೇನಿ.”

ಪುಂಡಲೀಕ ಲೋಟ ಕೆಳಗಿಟ್ಟ.

ನಾಗರತ್ನಾ ಕಾಗದದ ಚೂರು ಅದ್ದಿದಳು. ಬದನೆಕಾಯಿ ಬಣ್ಣ. “ಚಾಚಿ, ನಿನ್ನಿ ಸುಣ್ಣ ಎಷ್ಟ ಹಾಕಿದ್ರಿ?”

“ನೀವು ಹೇಳಿದ ಅಳತಿನ.”

“ಅದರ ಮ್ಯಾಲೆ?”

ಜರೀನಾಬಿ ತನ್ನ ಗವಸಿನ ಕೈಗಳನ್ನು ನೋಡಿಕೊಂಡಳು. “ಮ್ಯಾಲೆ... ಬಕೀಟ್ ಬಕೀಟಿಗೂ ಒಂದ ಬೊಗಸಿ. ಕೊಸರು. ಮಳಿಗಾಲ, ನೀರು ಜಾಸ್ತಿ, ಇನ್ನೀಟು ಸ್ವಚ್ಛ ಆಗಲಿ ಅಂತ.”

ನಾಗರತ್ನಾ ಬೈಯಲಿಲ್ಲ, ಪಕ್ಕದಲ್ಲಿ ಕೂತಳು. “ಚಾಚಿ, ಉಳಿದದ್ದರಂಗಲ್ಲ ಈ ಜಿಂಕ್. ಸುಣ್ಣ ಹದಕ್ಕ ಬಂದ್ರ ತಳಕ್ಕ ಕುಂದ್ರತೈತಿ. ಹದ ಮೀರಿತೋ, ಕುಂತದ್ದು ಎದ್ದು ಮತ್ತ ನೀರಾಗ ಕರಗಿ ಹೋಗತೈತಿ. ಕಣ್ಣಿಗಿ ಕಾಣೂದಿಲ್ಲ. ನಾನೂ ಇದನ್ನ ನಿಮಗ ಮೊದಲ ಹೇಳಬೇಕಿತ್ತು.”

“ಯಾ ಅಲ್ಲಾ, ಕೈಯಾರೆ ಎಬ್ಬಿಸಿದ್ನೇನವಾ!”

ಆಮೇಲೆ ನಡೆದದ್ದನ್ನು ಆಕಾಶವೇ ಉಸಿರು ಬಿಗಿಹಿಡಿದು ನೋಡಿತು. ಮಳೆಯೂ ಅಣ್ಣಿಗೇರಿಯ ಹೊರಗೆ ತಡೆದು ನಿಂತು ಕುತ್ತಿಗೆ ಚಾಚಿತ್ತೆಂದು ನನಗೆ ಖಚಿತವಾಗಿ ಗೊತ್ತು. ಹೆಚ್ಚಾದ ಸುಣ್ಣವನ್ನು ಹದಕ್ಕಿಳಿಸಲು ನಾಗರತ್ನಾ ನೀರು ಬೆರೆಸಿದ ಆಮ್ಲವನ್ನು ತೊಟ್ಟುತೊಟ್ಟಾಗಿ ಬಿಟ್ಟಳು, ಜರೀನಾಬಿ ಹುಟ್ಟು ತಿರುವಿದಳು. ಅವಸರ ಮಾಡಿದರೆ ಅರಳೆ ಒಡೆದು ಪುಡಿಯಾಗುತ್ತದೆ, ಕೂರುವುದಿಲ್ಲ. ಊಟದ ಹೊತ್ತು ದಾಟಿತು. ರಟ್ಟೆ ಸೋತಿತು. ಪುಂಡಲೀಕ ತಾನಾಗಿ ಬಂದು ಹುಟ್ಟಿಗೆ ಕೈ ಹಚ್ಚಿದಾಗ ಆಕೆ, “ರೊಟ್ಟಿ ಬಡದಂಗ ಬಡೀಬ್ಯಾಡಪಾ, ಕೂಸು ಮಲಗೈತಿ ಅನ್ಕೊ” ಅಂದಳು. ಬದನೆಕಾಯಿ ಬಣ್ಣ ತಿಳಿಯಾಯಿತು, ನೀಲಿಯಾಯಿತು, ಕೊನೆಗೆ ಕಾಗದದ ಮೇಲೆ ನವಿಲಿನ ಕುತ್ತಿಗೆ ಮೂಡಿತು. ನೋಡುನೋಡುತ್ತಿದ್ದಂತೆ ಕನ್ನಡಿಯಂಥ ನೀರು ಮಸುಕಾಯಿತು. ಎದ್ದು ಹೋಗಿದ್ದ ಸತು ಬೆಳ್ಳಗೆ, ಪದರಪದರವಾಗಿ, ಕನಸಿನಲ್ಲಿ ಬೀಳುವ ಹೂವಿನಂತೆ ಇಳಿಯತೊಡಗಿತು. ಮೂವರೂ ಕಟ್ಟೆಯ ಮೇಲೆ ಕೂತು ನೋಡಿದರು. ಹೊತ್ತು ಎನ್ನುವುದು ಆ ಟಾಕಿಯೊಳಗೇ ಕರಗಿ ತಳದಲ್ಲಿ ಮಲಗಿದಂತಿತ್ತು.

ಇಳಿಹೊತ್ತಿಗೆ ನಾಗರತ್ನಾ ಮತ್ತೆ ಪರೀಕ್ಷಿಸಿದಳು. ಪಾಸು. ಜರೀನಾಬಿಯೇ ವಾಲ್ವು ತಿರುಗಿಸಿದಳು. ತಿಳಿನೀರು ಮರಳು, ಇದ್ದಿಲು ದಾಟಿ ಹಳ್ಳಕ್ಕೆ ಹರಿದು, ಟಾಕಿ ಅರ್ಧ ಇಳಿದ ಮೇಲೆ ಮಳೆಯ ಮೊದಲ ಹನಿ ಬಿತ್ತು.

ಇವತ್ತಿಗೂ ಆಕೆ ಸುಣ್ಣ ಹಾಕಿದ ಮೇಲೆ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ. ಯಾಕೆಂದು ಕೇಳಿದರೆ ನಗುತ್ತಾಳೆ. “ಕೈ ತಾನ ಬೊಗಸಿ ಆಗತೈತ್ರಿ. ಹಿಡಕೊಂಡು ನಿಂದರಬೇಕು.”

ಮಳೆಯ ಮರುದಿನ ಬೀರಲಿಂಗಪ್ಪ ಒಡ್ಡಿನ ಮೇಲೆ ಬಂದು ಕೇಳಿದ್ದನಂತೆ. “ಅಕ್ಕಾ, ನಿನ್ನಿ ನೀರು ಬಿಟ್ಟಿಯೇನ?”

“ಬಿಟ್ಟೆ. ಯಾಕೋ, ಕುರಿಗೆ ಏನರ ಆತೇನ?”

“ಇಲ್ಲ ಬೇ. ಏನೂ ಗೊತ್ತಾಗಲಿಲ್ಲ, ಅದಕ್ಕ ಕೇಳಿದೆ.”

ಇಂಥ ಕೆಲಸಕ್ಕೆ ಹಂಪಿಯಿಂದ ಕಲ್ಲು ತರಿಸಿ ಆಳೆತ್ತರದ ಪುತ್ಥಳಿ ನಿಲ್ಲಿಸಬೇಕು, ನಾನೇ ಮುಂದೆ ನಿಂತು ಮಾಡಿಸುತ್ತೇನೆ ಎಂದೆ. ನಿಮಗೇನು ಆಸೆ, ಹೇಳಿ ಎಂದೂ ಕೇಳಿದೆ. ಜರೀನಾಬಿ ಗವಸು ಬಿಚ್ಚಿ ಕಟ್ಟೆಯ ಮೇಲೆ ಒಣಹಾಕುತ್ತಾ ಹಳ್ಳದ ಕಡೆ ನೋಡುತ್ತಾಳೆ.

“ನಮ್ಮ ನೀರು ಬಂದು ಸೇರಿದ್ದು ಹಳ್ಳಕ್ಕ ಗೊತ್ತಾಗಬಾರದ್ರಿ. ಅಷ್ಟಾದ್ರ ಸಾಕು.”