ಧೂಳ್ತ ತೊಳೆದ ದಿನ

ಆ ಕೈಗಡಿಯಾರವನ್ನು ಬಿಚ್ಚಿ ತೊಳೆದು ಮತ್ತೆ ಕಟ್ಟಿಕೊಡಲು ನಾನು ಕೇಳಿದ್ದು ಒಂದೂವರೆ ರೂಪಾಯಿ, ಒಪ್ಪಿದ್ದು ಒಂದೂಕಾಲಕ್ಕೆ. ಯುದ್ಧಕ್ಕೆ ಮುಂಚೆ ಅದೇ ಕೆಲಸವನ್ನು ಹನ್ನೆರಡಾಣೆಗೆ ಮಾಡುತ್ತಿದ್ದೆ. ತುಟ್ಟಿಯಾಗಿದ್ದದ್ದು ಪೆಟ್ರೋಲು. ಹಲಗೂರಿನ ಕಡೆಯ ಬಸ್ಸುಗಳೇ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದ ಕಾಲ. ಚಕ್ರಗಳ ಜಿಡ್ಡು ಬಿಡಿಸಲು ಬೇಕಾದ ನಾಲ್ಕು ಚಮಚ ಪೆಟ್ರೋಲಿಗಾಗಿ ನಾನು ಒಬ್ಬ ಲಾರಿ ಡ್ರೈವರಿಗೆ ತಿಂಗಳೆಲ್ಲ ಕಾಫಿ ಕುಡಿಸಬೇಕಿತ್ತು. ಆದ್ದರಿಂದ ಒಮ್ಮೆ ಬಳಸಿದ್ದನ್ನು ಚೆಲ್ಲುತ್ತಿರಲಿಲ್ಲ. ಸೀಸೆಗೆ ಸುರಿದಿಟ್ಟು, ಕೊಳೆ ತಳಕ್ಕೆ ಕೂತ ಮೇಲೆ ತಿಳಿಯನ್ನು ಬಗ್ಗಿಸಿಕೊಂಡು ಮತ್ತೆ ಬಳಸುತ್ತಿದ್ದೆ.

ಮದ್ದೂರು ಸ್ಟೇಷನ್ನಿನ ಎದುರು, ಒಂದು ಕಾಫಿ ಹೋಟೆಲಿನ ಜಗಲಿಯಲ್ಲಿ ನನ್ನ ಮೇಜು. ಹುಟ್ಟಿದ್ದು ಗುತ್ತಲಿನಲ್ಲಿ. ಕಸುಬನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಮಂಡ್ಯದ ಸಂತೆಯಲ್ಲಿ ನಿಂತುಹೋದ ಗಡಿಯಾರಗಳನ್ನು ಚೌಕಾಸಿ ಮಾಡಿ ಕೊಂಡು, ಬಿಚ್ಚಿ, ಕೆಡಿಸಿ, ಮತ್ತೆ ಬಿಚ್ಚಿ ಕಲಿತೆ. ಗಿರಾಕಿ ಬಾಯಿ ಬಿಡುವ ಮೊದಲೇ ಅವನ ಗಡಿಯಾರಕ್ಕೆ ಏನಾಗಿದೆಯೆಂದು ಹೇಳಬಲ್ಲೆ ಅನ್ನುವ ಜಂಬ ನನಗಿತ್ತು.

ಒಂದು ಬೆಳಿಗ್ಗೆ ಖಾಕಿ ತೊಟ್ಟ ಯುವಕನೊಬ್ಬ ತಾಯಿಯ ಜೊತೆ ಬಂದ. ಮಿಲಿಟರಿಯವನು. ರಜೆ ಮುಗಿದು ಮಧ್ಯಾಹ್ನದ ರೈಲಿಗೆ ಬೆಂಗಳೂರಿಗೆ ಹೊರಟಿದ್ದ. ಆ ರೈಲು ತಪ್ಪಿದರೆ ರಜೆ ಮೀರಿದ ತಪ್ಪು ಅವನ ತಲೆಗೆ. ಅಗ್ಗದ ಗಡಿಯಾರವೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟ.

"ಮರಳು ಒಕ್ಕೊಂಡೈತೆ ಕಣಣ್ಣ. ಮರಳುಗಾಡಲ್ಲೆಲ್ಲ ಓಡ್ತು, ಊರಿಗೆ ಬಂದು ಮನಗ್ಬುಡ್ತು. ಏಟಾಯ್ತದೆ?"

"ಒಂದೂವರೆ."

"ಒಂದೂವರೆನಾ! ನಾನ್ ಕೇಳಿದ್ದು ರಿಪೇರಿಗೆ ಕಣಣ್ಣ, ಕೊಂಡ್ಕೊಳಕ್ಕಲ್ಲ."

"ಬಸ್ಸಿಗೆ ಇದ್ದಿಲು ಹಾಕ್ದಂಗೆ ಇದಕ್ಕೂ ಹಾಕಕಾಗ್ತದೇನಪ್ಪ? ಪೆಟ್ರೋಲು ತಂದ್ಕೊಡು, ಎಂಟಾಣೆಗೆ ಮಾಡ್ತೀನಿ."

ನಗುತ್ತ ಒಂದೂಕಾಲಕ್ಕೆ ಬಂದ. ಅವನು ಕಾಫಿಗೆಂದು ಒಳಗೆ ಹೋಗುವುದನ್ನೇ ಕಾಯುತ್ತಿದ್ದ ತಾಯಿ ಮೇಜಿನ ಮೇಲೆ ಬಗ್ಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಅದೇ ಹೊತ್ತಿಗೆ ಗೂಡ್ಸ್ ಗಾಡಿ ಕೂಗಿತು. "ಒಳಗೆ ಧೂಳು ಐತೆ, ಜ್ವಾಪಾನ ಕಣಪ್ಪ" ಎಂದಂತೆ ನನ್ನ ಕಿವಿಗೆ ಬಿತ್ತು.

"ನೋಡ್ಕೊತೀನಿ ಬುಡವ್ವ, ಅದಕ್ಕೇ ಅಲ್ವಾ ಕೂತಿರೋದು" ಎಂದೆ. ಅವಳ ಮುಖ ಹಗುರಾಯಿತು. ನನಗೂ ಕೆಲಸ ಸಲೀಸಾಯಿತು.

ಹಿಂಬದಿಯ ಮುಚ್ಚಳವನ್ನು ಉಗುರಿನಂಥ ಮೊಂಡು ಅಲಗಿನಿಂದ ಎಬ್ಬಿಸಿದೆ. ಒಳಗೆ ಬೂದುಬಣ್ಣದ ನುಣ್ಣನೆ ಪುಡಿ, ಚಕ್ರದ ಹಲ್ಲುಗಳ ಸಂದಿಯಲ್ಲೆಲ್ಲ ಎಣ್ಣೆಯೊಡನೆ ಕಲೆತು ಅಂಟಾಗಿತ್ತು. ಮರಳಾದರೆ ಇಷ್ಟು ನುಣ್ಣಗಿರುವುದಿಲ್ಲವಲ್ಲ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ರೈಲಿನ ಹೊತ್ತು ತಲೆಯಲ್ಲಿತ್ತು. ಸುತ್ತಿದ ಕೀಯ ಬಿಗಿಯನ್ನು ಮೊದಲು ಇಳಿಸಿದೆ. ತೆಗೆದ ಕ್ರಮದಲ್ಲೇ ತಿರುಪುಗಳನ್ನು ಸಾಲಾಗಿಟ್ಟು ಅವುಗಳ ಮೇಲೆ ಗಾಜಿನ ಲೋಟ ಬೋರಲು ಹಾಕಿದೆ. ಕೂದಲೆಳೆಯಂಥ ಸುರುಳಿಯನ್ನು ಬೇರೆಯಾಗಿ ಅದ್ದಿ ತೆಗೆದು, ಉಳಿದ ಚಕ್ರಗಳನ್ನು ಬಟ್ಟಲಿನ ಪೆಟ್ರೋಲಿನಲ್ಲಿ ಮೆತ್ತನೆಯ ಕುಂಚದಿಂದ ತೊಳೆದೆ. ತೂತುಗಳನ್ನು ಚೂಪು ಮಾಡಿದ ಕಡ್ಡಿಯಿಂದ ಬಿಡಿಸಿದೆ. ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟೇ ಎಣ್ಣೆ. ಬಿಸಿಲು ಜಗಲಿ ಹತ್ತುವ ಹೊತ್ತಿಗೆ ಗಡಿಯಾರ ನಡೆಯುತ್ತಿತ್ತು.

ರೈಲಿಗೆ ಇನ್ನೂ ಗಂಟೆ ಹೊತ್ತು ಇರುವಾಗ ತಾಯಿ ಬಂದಳು. ಮಗ ಸ್ಟೇಷನ್ನಿನಲ್ಲಿ ಸಾಮಾನು ಇಡಲು ಹೋಗಿದ್ದ. ನಾನು ಹೆಮ್ಮೆಯಿಂದ ಮುಚ್ಚಳ ತೆಗೆದು ತೋರಿಸಿದೆ. ಅವಳು ಇಣುಕಿ ನೋಡಿದಳು, ಮತ್ತೆ ನೋಡಿದಳು.

"ಎಲ್ಲಪ್ಪ ಅದು?"

"ಯಾವುದವ್ವ?"

"ಧೂಳ್ತ ಕಣಪ್ಪ! ಯೋಳಿರ್ನಿಲ್ವಾ ನಿಂಗೆ, ಒಳಗೆ ಧೂಳ್ತ ಐತೆ ಅಂತ?"

ಮಳವಳ್ಳಿ ಸೀಮೆಯವರಿಗೆ ಧೂಳ್ತ ಎಂದರೆ ತಾವು ನಡೆದುಕೊಳ್ಳುವ ಸ್ವಾಮಿಯ ಗದ್ದಿಗೆಯ ಬೂದಿ. ಹಣೆಗಿಟ್ಟುಕೊಳ್ಳುತ್ತಾರೆ, ನಾಲಗೆಗೆ ಹಾಕಿಕೊಳ್ಳುತ್ತಾರೆ, ಹಸುಗೂಸಿನ ನೆತ್ತಿಗೆ ಸವರುತ್ತಾರೆ. ಆ ಮಾತು ನಾನು ಹುಟ್ಟಿದಾಗಿನಿಂದ ಕೇಳಿದ್ದೇ. ಕಸುಬಿನ ಕಿವಿಗೆ ಮಾತ್ರ ಧೂಳು ಎಂದೇ ಕೇಳಿಸಿತ್ತು.

ಹಿಂದಿನ ಸಲ ಕಟ್ಟಿದ್ದ ತಾಯತವನ್ನು ಮಿಲಿಟರಿಯಲ್ಲಿ ಬಿಚ್ಚಿಸಿದ್ದರಂತೆ. ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿ, ಮಗ ಸ್ನಾನಕ್ಕೆ ಹೋದಾಗ ಗಡಿಯಾರದ ಬೆನ್ನು ತೆರೆದು ಒಂದು ಚಿಟಿಕೆ ತುಂಬಿದ್ದಳು. ಅದು ಗದ್ದಿಗೆಯ ಮುಂದೆ ಮಗನ ಹೆಸರು ಹೇಳಿ ಈಸಿಕೊಂಡದ್ದು. ಮನೆಯಲ್ಲೂ ಉಳಿದಿರಲಿಲ್ಲ, ಸೆರಗಿನಲ್ಲೂ ಇರಲಿಲ್ಲ.

"ಬರಿಗೈಯಾಗೆ ಎಂಗಪ್ಪ ಕಳಿಸ್ಲಿ ಅವನ್ನ? ಇವತ್ತು ಬ್ಯಾಡ, ನಾಳಿಕ್ಕೆ ಓಗ್ಲಿ" ಎಂದು ಜಗಲಿಯ ಮೇಲೆ ಕೂತೇಬಿಟ್ಟಳು. ನಾಳೆ ಹೋದರೆ ಅಲ್ಲಿ ಅವನ ಗತಿಯೇನೆಂಬುದು ಅವಳಿಗೂ ಗೊತ್ತಿತ್ತು.

ತೊಳೆದ ಪೆಟ್ರೋಲನ್ನು ಸುರಿದಿಟ್ಟಿದ್ದ ಸೀಸೆಯ ನೆನಪಾಯಿತು ನನಗೆ. ಮೇಜಿನ ಕೆಳಗಿನಿಂದ ತೆಗೆದು ಬೆಳಕಿಗೆ ಹಿಡಿದೆ. ತಳದಲ್ಲಿ ಬೂದುಬಣ್ಣದ ಗಸಿ. ಇದೇ ನಿನ್ನ ಧೂಳ್ತ ಎಂದಿದ್ದರೆ ಮುಗಿಯುತ್ತಿತ್ತು. ಸಂತೆಯಲ್ಲಿ ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ಕಣ್ಣು ಮಿಟುಕಿಸದೆ ಹೇಳಿದವನು ನಾನು. ಅವಳ ಮುಖ ನೋಡಿಕೊಂಡು ಅದು ಬಾಯಿಗೆ ಬರಲಿಲ್ಲ.

"ಇದ್ರಾಗೆ ಅದೆ ಕಣವ್ವ. ಆದ್ರೆ ಬ್ಯಾರೆಯವ್ರ ಗಡಿಯಾರದ ಕೊಳೆನೂ ಸೇರ್ಕೊಂಡದೆ. ಬ್ಯಾರೆ ಮಾಡಕಾಗಲ್ಲ."

ಅವಳು ಸೀಸೆಯನ್ನು ಈಸಿಕೊಂಡು ಓರೆ ಮಾಡಿ ನೋಡಿದಳು. ಆಮೇಲೆ ಕೇಳಿದಳು: "ಪಾತ್ರೆ ತಿಕ್ಕೋದು ಯಾತರಲ್ಲಪ್ಪ?"

"ಬೂದೀಲಿ."

"ಅಂಗಾರೆ ಬೂದಿ ಕೊಳೆಗೆ ಎದರ್ತದಾ? ತಗಿ ಈಚೆಗೆ."

ಪೆಟ್ರೋಲು ಬಗ್ಗಿಸಿ, ಗಸಿಯನ್ನು ಶಾಯಿ ಹೀರುವ ಒತ್ತುಕಾಗದದ ಮೇಲೆ ಹರಡಿ ಬಿಸಿಲಿಗಿಟ್ಟೆ. ಒಣಗಿದಾಗ ಎರಡು ಚಿಟಿಕೆಯೂ ಆಗಲಿಲ್ಲ. ಮತ್ತೆ ಒಳಗೇ ಹಾಕು ಎಂದು ಹಟ ಹಿಡಿದಳು. ಅಲ್ಲಿ ಶುರುವಾಯಿತು ನಮ್ಮ ಚೌಕಾಸಿ.

"ಒಳಗಾಕಿದ್ರೆ ನಾಳಿಕ್ಕೇ ನಿಂತೋಯ್ತದೆ ಕಣವ್ವ. ನಿಂತಿರೋ ಗಡಿಯಾರನ ಅವನು ಯಾಕೆ ಕಟ್ಕೊಂಡಾನು? ಬಿಸಾಕ್ತಾನೆ, ಧೂಳ್ತ ಸಮೇತ."

"ಮತ್ತೆ ಎಲ್ಲಿಕ್ತೀಯ?"

"ಪಟ್ಟೀಲಿ. ಅದು ಮೈಗೆ ತಾಗ್ಕೊಂಡೇ ಇರ್ತದೆ."

ಚರ್ಮದ ಪಟ್ಟಿ ಎರಡು ಪದರದ್ದು. ನಾಲ್ಕು ಹೊಲಿಗೆ ಬಿಚ್ಚಿ, ತೆಳು ಕಾಗದದಲ್ಲಿ ಮಡಿಸಿದ ಧೂಳ್ತವನ್ನು ಒಳಗೆ ತೂರಿಸಿ, ಹಳೆಯ ತೂತುಗಳಲ್ಲೇ ಮತ್ತೆ ಹೊಲಿಯುತ್ತಿರುವಾಗ ಮಗ ಬಂದ.

"ಏನವ್ವ, ಗಡಿಯಾರಕ್ಕೂ ತಾಯತ ಕಟ್ಟುಸ್ತಿದ್ದೀಯಾ?"

"ಬಾಯ್ಮುಚ್ಕೊಂಡು ಕೈ ನೀಡ್ಲಾ" ಎಂದಳು.

ಅವನು ಎಲ್ಲವನ್ನೂ ಅರ್ಥಮಾಡಿಕೊಂಡಿರಬೇಕು. ನಗು ನಿಂತುಹೋಯಿತು. ಕೈ ನೀಡಿದ. ತಾಯಿಯೇ ಕಟ್ಟಿದಳು. ಕೊಂಡಿ ಯಾವ ತೂತಿಗೆ ಬೀಳಬೇಕೆಂದು ತಿಳಿಯದೆ ತಡವರಿಸಿದಾಗ ಅವನು ಇನ್ನೊಂದು ಕೈಯಿಂದ ತೋರಿಸಿಕೊಟ್ಟ. ತೊಳೆದದ್ದಕ್ಕೆ ಒಪ್ಪಿದ ದುಡ್ಡು ತೆಗೆದುಕೊಂಡೆ, ಹೊಲಿಗೆಗೆ ಕೇಳಲಿಲ್ಲ. ರೈಲು ಹೊತ್ತಿಗೆ ಸರಿಯಾಗಿ ಹೊರಟಿತು. ಅವಳು ಹಲಗೂರು ಬಸ್ಸಿನ ಕಡೆ ನಡೆದಳು, ನನ್ನತ್ತ ತಿರುಗಲಿಲ್ಲ.

ಅವರ ಊರು ಯಾವುದೆಂದು ನಾನು ಕೇಳಿರಲಿಲ್ಲ. ಯುದ್ಧ ಮುಗಿದು ಖಾಕಿಯವರು ಗುಂಪುಗುಂಪಾಗಿ ಅದೇ ಸ್ಟೇಷನ್ನಿನಲ್ಲಿ ಇಳಿದಾಗ ಎಷ್ಟೋ ದಿನ ಮುಖ ಬಿಟ್ಟು ಮುಂಗೈಗಳನ್ನೇ ನೋಡುತ್ತ ಕೂತಿದ್ದೆ. ಅವನು ಬಂದನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ನೀವು ಮನೆಯಲ್ಲೇ ಗಡಿಯಾರ ಬಿಚ್ಚುವವರಾದರೆ ಇಷ್ಟು ಮಾಡಿ. ಮೂಗಿನ ಉಸಿರು ತಾಗದಂತೆ ಬಟ್ಟೆ ಕಟ್ಟಿಕೊಳ್ಳಿ. ಅಂಕಿಯ ಬಿಲ್ಲೆಗೆ ಪೆಟ್ರೋಲು ಸೋಕಿಸಬೇಡಿ, ಅಂಕಿಗಳು ಎದ್ದುಬರುತ್ತವೆ. ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಹರಳೆಣ್ಣೆಯನ್ನು ಇದಕ್ಕೆ ಹಾಕಲೇಬೇಡಿ. ಬೇರೆಯವರದಾದರೆ, ಮುಚ್ಚಳ ತೆಗೆದ ಮೇಲೆ ಕುಂಚ ಎತ್ತಿಕೊಳ್ಳುವ ಮೊದಲು ಅವರನ್ನು ಹತ್ತಿರ ಕರೆದು ಒಳಗಿರುವುದನ್ನು ತೋರಿಸಿ, ಇದೇನೆಂದು ಕೇಳಿ. ರೈಲು ಕೂಗುತ್ತಿದ್ದರೆ ಕೂಗು ನಿಲ್ಲುವವರೆಗೆ ಕಾಯಿರಿ. ಅವರು ಹೇಳಿದ್ದನ್ನು ನೀವೂ ಒಮ್ಮೆ ಬಾಯಿಬಿಟ್ಟು ಹೇಳಿ, ಹೌದೆನ್ನಿಸಿಕೊಂಡು, ಆಮೇಲೆ ತೊಳೆಯಿರಿ.