ಪಂಚಮಿಗೆ ಮಗಳು ಶ್ರೀಲಂಕಾಕ್ಕೆ ಬಂದಳು

ನನ್ನ ಗಂಡ ಬೈಲಹೊಂಗಲ ಡಿಪೋದಲ್ಲಿ ಕಂಡಕ್ಟರ್ ಆಗಿದ್ದವರು. ರಿಟೈರ್ ಆದ ದಿನ ಕೊರಳಲ್ಲಿ ಹಾರ ಹಾಕಿಸಿಕೊಂಡೇ ಮನೆಗೆ ಬಂದರು. ನಾನು ಆ ಹಾರ ಬಿಚ್ಚಿ ಬಾಗಿಲಿಗೆ ತೂಗುಹಾಕಿ, "ಇವತ್ತಿಂದ ನಾನೂ ರಿಟೈರ್ ಆಗೇನ್ರಿ. ರೊಟ್ಟಿ ಸೊಸಿ ಬಡೀತಾಳ," ಎಂದು ಹೇಳಿಬಿಟ್ಟೆ. ಸೊಸೆ ಒಳಗಿನಿಂದ ಕೆಮ್ಮಿದಳು. ಕೆಮ್ಮಲಿ ಬಿಡು ಅಂದುಕೊಂಡೆ.

ಆಮೇಲೆ ಇಬ್ಬರಿಗೂ ತಿರುಗಾಟದ ಹುಚ್ಚು ಹಿಡಿಯಿತು. ಅವರು ಜೀವನವೆಲ್ಲ ಕಿತ್ತೂರು, ಸವದತ್ತಿ, ರಾಮದುರ್ಗ ಅಂತ ಅದೇ ರಸ್ತೆಗಳಲ್ಲಿ ನಿಂತುಕೊಂಡೇ ಓಡಾಡಿದವರು. ಒಮ್ಮೆ ಕೂತುಕೊಂಡು ದೂರ ಹೋಗಬೇಕು ಅನ್ನುವುದು ಅವರ ಆಸೆ. ಮೊದಲು ನೇಪಾಳಕ್ಕೆ ಹೋದೆವು. ಅಲ್ಲಿಗೆ ಮಗ, ಸೊಸೆ ನಮ್ಮನ್ನು ನೋಡಲು ಬಂದರು. ಸೊಸೆ ನೋಡಿದ್ದು ಹಿಮವನ್ನು. ನಾನೂ ನೋಡಿದೆ. ದೂರದಿಂದ ಚೆಂದ ಕಾಣುತ್ತದೆ. ಹತ್ತಿರ ಹೋದರೆ ಮೊಣಕಾಲು ಹಿಡಿದುಕೊಳ್ಳುತ್ತದೆ.

ಮರುವರ್ಷ ಶ್ರೀಲಂಕಾ. ಗುಡ್ಡದ ಮೇಲಿನ ಒಂದು ಸಣ್ಣ ಊರಲ್ಲಿ, ನನ್ನಷ್ಟೇ ವಯಸ್ಸಿನ ಒಬ್ಬ ಮುದುಕಿಯ ಮನೆಯಲ್ಲಿ ಎರಡು ಕೋಣೆ ಹಿಡಿದೆವು, ಒಂದು ತಿಂಗಳ ಮಟ್ಟಿಗೆ. ಅಲ್ಲಿಯ ಬಸ್ಸುಗಳಲ್ಲಿ ನನ್ನ ಗಂಡ ಒಂದು ದಿನವೂ ಕೂಡಲಿಲ್ಲ. ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತು, ಅಲ್ಲಿಯ ಕಂಡಕ್ಟರ್ ಜನರನ್ನು ಹೇಗೆ ತುಂಬುತ್ತಾನೆ ಅಂತ ನೋಡುತ್ತ, "ನಮ್ಮಕ್ಕಿಂತ ಜೋರದಾನ ಮಗಾ," ಎಂದು ಖುಷಿಪಡುವರು. ಕೂತು ಹೋಗುವ ಆಸೆ ಅಲ್ಲಿಗೇ ಮುಗಿಯಿತು.

ವಿಮಾನದ ಟಿಕೆಟ್ ತೆಗೆಸಿದ್ದು ಅವರೇ. ಶ್ರಾವಣದಲ್ಲಿ ಸೋವಿ ಸಿಕ್ಕಿತಂತೆ. ಜನ್ಮವೆಲ್ಲ ಟಿಕೆಟ್ ಹರಿದು ಕೊಟ್ಟವರಿಗೆ ತೆಗೆಸಿ ಗೊತ್ತಿಲ್ಲ. ಕ್ಯಾಲೆಂಡರನ್ನೇ ನೋಡಿರಲಿಲ್ಲ. ನಾವು ಅಲ್ಲಿರುವ ತಿಂಗಳ ನಟ್ಟನಡುವೆ ನಾಗರ ಪಂಚಮಿ ಬಂದಿತ್ತು.

ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಮಗಳು ಗಂಡನ ಮನೆಯಿಂದ ತವರಿಗೆ ಬರಬೇಕು, ಜೋಕಾಲಿ ಆಡಬೇಕು, ಹೋಗುವಾಗ ತವರಿನ ಉಂಡಿ ಕಟ್ಟಿಸಿಕೊಂಡು ಹೋಗಿ ಅಲ್ಲಿಯ ಓಣಿಗೆಲ್ಲ ಹಂಚಬೇಕು. ಹಂಚದಿದ್ದರೆ ಓಣಿಯ ಹೆಂಗಸರು ಮುಖದ ಮೇಲೇ ಕೇಳುತ್ತಾರೆ, ಈ ವರ್ಷ ತವರಿನವರು ಕರೆಯಲಿಲ್ಲವೇನು ಅಂತ. ನನ್ನ ಮಗಳನ್ನು ರಾಮದುರ್ಗಕ್ಕೆ ಕೊಟ್ಟಿದ್ದೇವೆ. ಶಾಲೆಯಲ್ಲಿ ಟೀಚರ್. ಅವಳ ಮಗನಿಗೇ ಮೀಸೆ ಬಂದಿದೆ. ಆದರೂ ಒಂದು ಪಂಚಮಿ ತಪ್ಪಿಸಿದವಳಲ್ಲ. ಫೋನ್ ಮಾಡಿದಳು.

"ಯವ್ವಾ, ಪಂಚಮಿಗೆ ಮನ್ಯಾಗ ಯಾರಿರ್ತಾರ?"

"ನಿಮ್ಮಣ್ಣ ಇರ್ತಾನ. ಹೋಗು."

"ವೈನಿ ಕೈಯಾಗಿನ ಉಂಡಿ ತಿನ್ನಾಕ ನಾ ತವರಿಗೆ ಹೋಗಬೇಕ? ನೀ ಇದ್ದಲ್ಲೇ ಬರತೇನಿ."

"ಹುಚ್ಚಿ, ಇದೇನ ನಿಮ್ಮ ಮಗ್ಗಲದ ಸುರೇಬಾನ ಬಸ್ಸ ಅಂತ ತಿಳದೀಯೇನ?"

"ಬಸ್ಸ ಇದ್ದಿದ್ರ ಇಷ್ಟೊತ್ತಿಗೆ ಹತ್ತಿರತಿದ್ನಿ," ಅಂದು ಫೋನ್ ಇಟ್ಟಳು.

ನಿಜವಾಗಿಯೂ ಬಂದಳು. ಅವಳನ್ನು ಕರೆತರಲು ಸ್ಟೇಷನ್ನಿಗೆ ಹೋದರೆ ರೈಲಿನಿಂದ ಮೊದಲು ಇಳಿದದ್ದು ಬೀಗತಿ, ಅಂದರೆ ಮಗಳ ಅತ್ತೆ. ಎದೆಗೊಂದು ದೊಡ್ಡ ಸ್ಟೀಲ್ ಡಬ್ಬಿ ಅವುಚಿಕೊಂಡಿದ್ದಳು. ನಾನು ಮಗಳ ಕಿವಿಯಲ್ಲಿ, "ಪಂಚಮಿಗೆ ತವರಿಗೆ ಬರೂದ ಅತ್ತಿ ಕಾಟ ತಪ್ಪಿಸ್ಕೊಳ್ಳಾಕ. ನೀ ಅತ್ತಿನ್ನ ಕಟಗೊಂಡ ಬಂದೀಯಲ್ಲ!" ಎಂದೆ. ಬೀಗತಿಯ ಕಿವಿ ಚುರುಕು.

"ನಾನೂ ತಪ್ಪಿಸ್ಕೊಂಡ ಬಂದೇನ್ರಿ ಬೀಗ್ತಿ, ನಿಮ್ಮ ಅಳಿಯನ ಕಾಟ. ಅಂಜಬ್ಯಾಡ್ರಿ, ಉಂಡಿ ನಾನ ಮಾಡ್ಕೊಂಡ ಬಂದೇನಿ. ಪರದೇಶದಾಗ ನಿಮಗ ಏನ ಸಿಕ್ಕೀತು?"

ಡಬ್ಬಿ ತೆರೆದರೆ ಶೇಂಗಾ ಉಂಡಿ, ಎಳ್ಳುಂಡಿ, ಒಂದರ ಮೇಲೊಂದು. ಚೆನ್ನಾಗಿಯೇ ಇದ್ದವು, ಅದೇ ಹೊಟ್ಟೆಗೆ ಉರಿ ಹಚ್ಚಿತು. ರಾಮದುರ್ಗದಲ್ಲಿ ಮಾಡಿದ ಉಂಡಿಯನ್ನು ತವರಿನದು ಅಂತ ತಿರುಗಿ ರಾಮದುರ್ಗದಲ್ಲೇ ಹಂಚುವುದೇ ಅಂತ ಕೇಳಿದೆ.

"ಯಾರಿಗೆ ಗೊತ್ತಾಗತೈತ್ರಿ?" ಅಂದಳು ಬೀಗತಿ.

"ನಿಮಗ ಗೊತ್ತಾಗತೈತಲ್ಲ, ಸಾಕು. ಓಣಿಗೆಲ್ಲಾ ಸಾರಾಕ ನೀವೊಬ್ರ ಸಾಲೂದಿಲ್ಲೇನು?"

ಮರುದಿನ ಮನೆಯ ಮುದುಕಿಯನ್ನು ಕರೆದುಕೊಂಡು ಸಂತೆಗೆ ಹೋದೆ. ಅವಳಿಗೆ ನನ್ನ ಭಾಷೆ ಬಾರದು, ನನಗೆ ಅವಳದು ಬಾರದು. ಕೈಯಲ್ಲಿ ಉಂಡಿ ಕಟ್ಟುವಂತೆ ಮಾಡಿ ತೋರಿಸಿದೆ, ತಿಳಿಯಿತು. ಎಳ್ಳು ಸಿಕ್ಕಿತು, ಶೇಂಗಾ ಸಿಕ್ಕಿತು. ಬೆಲ್ಲ ಮಾತ್ರ ಕಬ್ಬಿನದಲ್ಲ, ಅಲ್ಲಿಯ ಯಾವುದೋ ತಾಳೆ ಜಾತಿಯ ಮರದ್ದು. ಕರ್ರಗೆ, ಹೊಗೆಯ ವಾಸನೆ. ನಮ್ಮ ಬೆಲ್ಲದ ಪಾಕ ಯಾವಾಗ ಬಂತು ಅಂತ ನನಗೆ ಕಣ್ಣು ಮುಚ್ಚಿ ಹೇಳಲು ಬರುತ್ತದೆ. ಈ ಬೆಲ್ಲ ನನ್ನ ಮಾತು ಕೇಳಲಿಲ್ಲ. ಮೊದಲನೆಯ ಸಲ ಬೇಗ ಇಳಿಸಿದೆ, ಉಂಡಿ ಮರಳಿನ ಹಾಗೆ ಉದುರಿತು. ಎರಡನೆಯ ಸಲ ಬಿಟ್ಟು ನೋಡಿದೆ, ಪಾತ್ರೆಯಲ್ಲೇ ಬಂಡೆಯಾಯಿತು. ಬೀಗತಿ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು.

"ಡಬ್ಬಿ ತಗೀಲೇನ್ರಿ ಬೀಗ್ತಿ?"

"ಬಾಯಿ ಮುಚ್ರಿ, ಡಬ್ಬೀನೂ ಮುಚ್ರಿ."

ಕೊನೆಗೆ ಮನೆಯ ಮುದುಕಿಯೇ ಒಲೆಯ ಹತ್ತಿರ ಬಂದು ನಿಂತಳು. ಪಾಕ ನೊರೆಯೇಳುತ್ತಿದ್ದ ಹಾಗೆ ನನ್ನ ಕೈ ಹಿಡಿದು ಇಳಿಸಿದಳು. ಉಂಡಿ ನಿಂತವು. ಇದ್ದಿಲಿನ ಬಣ್ಣ, ಕಬ್ಬಿಣದ ಗಟ್ಟಿ, ಆದರೂ ದುಂಡಗೆ ನಿಂತವು. ನನ್ನ ಕೈಯಾರೆ ಕಟ್ಟಿದವು.

ಹಬ್ಬದ ದಿನ ಹಿತ್ತಲಿನ ಮಣ್ಣಲ್ಲಿ ನಾಗಪ್ಪನನ್ನು ಮಾಡಿ ಹಾಲೆರೆದೆವು. ಇನ್ನು ಜೋಕಾಲಿ. ಹಿತ್ತಲಲ್ಲಿ ಗಟ್ಟಿಮುಟ್ಟಾದ ಹಲಸಿನ ಮರವಿತ್ತು. ನನ್ನ ಗಂಡ ಟೊಂಗೆ ತೋರಿಸಿ, ಗಾಳಿಯಲ್ಲಿ ಹಿಂದೆ ಮುಂದೆ ತೂಗಿ ತೋರಿಸಿದ್ದಕ್ಕೆ ಮುದುಕಿ ನಗಲು ಶುರುಮಾಡಿದಳು. ಮಗಳು ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿ ನಮಗೆ ಹೇಳಿದಳು: ಅವರಲ್ಲೂ ಹೊಸ ವರ್ಷಕ್ಕೆ ಜೋಕಾಲಿ ಕಟ್ಟುತ್ತಾರಂತೆ, ಈಗ್ಯಾಕೆ ಅಂತ ಅವಳಿಗೆ ನಗು. ಹಗ್ಗ ಅವಳೇ ತಂದುಕೊಟ್ಟಳು. ಬಸ್ಸಿನ ಟಾಪಿನ ಮೇಲೆ ಲಗೇಜು ಕಟ್ಟಿದ ಕೈ ನನ್ನ ಗಂಡನದು, ಗಂಟು ಬಿಗಿಯಾಗಿಯೇ ಬಿತ್ತು. ಮಗಳನ್ನು ಕೂಡಿಸಿ "ರೈಟ್, ರೈಟ್!" ಅಂತ ಕೂಗಿ ನೂಕಿದರು. ಶಾಲೆಯಲ್ಲಿ ಮಕ್ಕಳಿಗೆ ಬಾಯಿ ಮುಚ್ಚಿ ಅನ್ನುವವಳು ಇಡೀ ಗುಡ್ಡಕ್ಕೆ ಕೇಳುವಂತೆ ಚೀರಿದಳು. ಇಳಿದವಳೇ ಅತ್ತೆಯನ್ನು ಕರೆದಳು.

"ನಾ ಯಾಕ? ಇದೇನ ನನ್ನ ತವರ?" ಅಂದಳು ಬೀಗತಿ.

ಅವಳ ತವರು ನಮ್ಮ ಕಡೆಯ ಚಚಡಿ ಅನ್ನುವ ಊರು. ಅಣ್ಣತಮ್ಮಂದಿರು ತೀರಿದ ಮೇಲೆ ಪಂಚಮಿಗೆ ಅವಳನ್ನು ಯಾರೂ ಕರೆಯುವುದಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಅದನ್ನೇ ಹೇಳಿಕೊಂಡು ಅಳುತ್ತ ಕೂಡಲು ಅಷ್ಟು ದೂರ ಬಂದಿರಲಿಲ್ಲವಲ್ಲ.

"ಹಗ್ಗ ಏನ ತವರ ಕೇಳತೈತೇನ್ರಿ? ಸೀರಿ ಎತ್ತಿಕಟ್ಟಿ ಕುಂದರ್ರಿ," ಎಂದೆ.

ಕೂತಳು. ಕೂತವಳು ಏಳಲಿಲ್ಲ. ಕಡೆಗೆ ನೂಕಿ ನೂಕಿ ದಣಿದ ನನ್ನ ಗಂಡ, "ಲಾಸ್ಟ್ ಸ್ಟಾಪ್ ಬಂತು, ಇಳೀರಿ ಬೀಗ್ತಿ," ಎಂದರು.

"ಹೆಣ್ಣಮಕ್ಕಳಿಗೆ ಬಸ್ಸ ಫ್ರೀ ಐತ್ರಿ ಕಂಡಕ್ಟರ್ ಸಾಹೇಬ್ರ. ಸುಮ್ಮನ ತೂಗ್ರಿ!"

ಹೊರಡುವ ದಿನ ಮಗಳಿಗೆ ಉಡಿ ತುಂಬಿ, ನನ್ನ ಕರಿ ಉಂಡಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟೆ. ಬೀಗತಿಯ ಡಬ್ಬಿಯನ್ನು ಅಲ್ಲೇ ಮನೆಯ ಮುದುಕಿಗೂ ನೆರೆಯವರಿಗೂ ಹಂಚಿಸಿ ಖಾಲಿ ಮಾಡಿಸಿದೆ.

ಮಗಳು ರಾಮದುರ್ಗ ಮುಟ್ಟಿದ ಮೇಲೆ ಅವಳ ಫೋನು ಬಂತು.

"ಓಣಿಗೆಲ್ಲಾ ಹಂಚಿದ್ನಿ ಯವ್ವಾ."

"ಏನಂದ್ರು?"

"ಎದುರ ಮನ್ಯಾಕಿ, ಇವ್ಯಾಕ ಹಿಂಗ ಕರ್ರಗದಾವ, ಸುಟ್ಟಾವೇನ ಅಂದ್ಲು. ನಾ ಬಾಯಿ ತಗಿಯೂದ್ರಾಗ ಅತ್ತಿನ ಅಂದ್ರು, ಸುಟ್ಟಿಲ್ಲವಾ, ನಮ್ಮ ಬೀಗ್ತಿ ಕಟ್ಟಿದ್ದ ಉಂಡಿ ಅವು. ಹಲ್ಲ ಇದ್ದವ್ರ ಕಡೀರಿ, ಇಲ್ಲದವ್ರ ಚೀಪ್ರಿ ಅಂತ."

ಹಿಂದೆ ಬೀಗತಿ ನಗುವುದು ಫೋನಿನಲ್ಲೇ ಕೇಳುತ್ತಿತ್ತು.

"ಆಕಿಗೆ ಹೇಳು," ಎಂದೆ, "ಬರೂ ಪಂಚಮಿಗೆ ನಿನ್ನ ಜೋಡಿ ಬರೂವಾಗ ಬರೇ ಕೈಲೆ ಬರಬೇಕು. ಡಬ್ಬಿ ತಂದ್ರ ಬಾಗಲಾ ತಗಿಯಂಗಿಲ್ಲ."