ಬಿಸಿನೀರು ಖಾಲಿ ಮಾಡಿದ ಆರೋಪಿ

‘ಗಾಜಿನ ಮೇಲೆ ನೆರಳು ಬೀಳಬಾರ್ದು ಸಾರ್’ ಎಂದು ನಿನ್ನೆ ಸಿಂಗಸಂದ್ರದ ನಮ್ಮ ಮನೆಗೆ ಬಿಸಿನೀರಿನ ಸೋಲಾರ್ ಕೂರಿಸಿದವರು ಹೇಳಿದ್ದೇ ತಡ, ನಾನು ಜಾಲಹಳ್ಳಿಯ ಬಾಲ್ಯಕ್ಕೆ ಜಾರಿದೆ.

ಅಲ್ಲಿ ಫ್ಯಾಕ್ಟರಿ ನೌಕರರಾದ ಅಪ್ಪ, ತಾಮ್ರದ ಹಂಡೆಯನ್ನು ಅಟ್ಟಕ್ಕೇರಿಸಿ ಸೋಲಾರ್ ಹಾಕಿಸಿದ್ದರು. ಬೇಸಿಗೆ ಬಂತು, ನಲ್ಲಿಯಲ್ಲಿ ಮಾತ್ರ ತಣ್ಣೀರು. ಆರೋಪ ನನ್ನ ಮೇಲೆ ಬಂತು.

‘ಗಂಟೆಗಟ್ಲೆ ಸ್ನಾನ ಮಾಡಿ ಖಾಲಿ ಮಾಡ್ತೀಯಲ್ಲೋ! ಇನ್ಮೇಲೆ ನಿಂಗೆ ತಣ್ಣೀರೇ’ ಎಂದು ಅಪ್ಪ ತೀರ್ಪಿತ್ತರು.

ಅಷ್ಟರಲ್ಲಿ, ಸೋಲಾರ್ ನೋಡಲು ಅಪ್ಪ ಕರೆಸಿದ್ದ ರಿಪೇರಿಯವನು ತಾರಸಿಯಿಂದ ಕೂಗಿದ: ‘ಸಾರ್, ಗಾಜಿನ ತುಂಬ ಪಂಚೆ ಹಾಸಿ ಸಂಡಿಗೆ ಒಣಗಾಕವ್ರೆ!’

ಅಜ್ಜಿ ಕೊಂಚವೂ ಅಳುಕಲಿಲ್ಲ. ‘ಅಷ್ಟು ಚೆನ್ನಾಗಿ ಬಿಸಿಲು ಬೀಳೋ ಜಾಗಾನ ಸುಮ್ನೆ ಬಿಡಕ್ಕಾಗತ್ತೇನೋ?’

ನಾನು ಗೌರವಪೂರ್ವಕವಾಗಿ ಖುಲಾಸೆಯಾದೆ. ಪರಿಹಾರವಾಗಿ ಒಂದು ತಟ್ಟೆ ಕರಿದ ಸಂಡಿಗೆಯೂ ಸಿಕ್ಕಿತು.

ಇಂದು ಬಚ್ಚಲಲ್ಲಿ ನಾನು ಹಳೆಯ ಆರೋಪದ ಅಂಜಿಕೆಯಲ್ಲಿ ಚೊಂಬು ಎಣಿಸಿ ನೀರು ಹುಯ್ದುಕೊಳ್ಳುತ್ತಿದ್ದಾಗ ಹೆಂಡತಿ ಕೂಗಿದಳು: ‘ನಿಧಾನಕ್ಕೆ ಮಾಡ್ರೀ, ನೀರು ಬೇಜಾನ್ ಇದೆ!’ ಈ ಮಾತು ಕೇಳಲು ಅರ್ಧ ಆಯುಷ್ಯವೇ ಬೇಕಾಯಿತು.